‘ಪಬ್ಲಿಷ್ ಆರ್ ಪೆರಿಶ್’: ಉಲ್ಲೇಖ ಎಣಿಸುವ ತಂತ್ರಾಂಶವೊಂದರ ವಿಮರ್ಶೆ

ಕಾಸರಗೋಡು ಜಿಲ್ಲೆಯ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತರಾದ ನಮ್ಮ ಗುರುಗಳೊಬ್ಬರಿಗೆ ಅಭಿನಂದನ ಗ್ರಂಥ ತರಬೇಕೆಂದು ಶಿಷ್ಯರೆಲ್ಲ ಸೇರಿ ನಿರ್ಧರಿಸಿದಾಗ, ಅವರ ಸಂಶೋಧನೆಯನ್ನು ಯಾರು ಎಷ್ಟು ಉಲ್ಲೇಖಿಸಿದ್ದಾರೆ, ಯಾರ ಜೊತೆ ಸೇರಿ ಅವರು ಬರೆದಿದ್ದಾರೆ ಎಂಬುದನ್ನು ಅಂಕಿಗಳಲ್ಲಿ ತೋರಿಸುವ ಅಧ್ಯಾಯ ನನ್ನ ಪಾಲಿಗೆ ಬಂತು. ಅವರ ಕ್ಷೇತ್ರ ಸಂಘಟನಾ ಅಧ್ಯಯನ. 1969ರಲ್ಲಿ ಕಣ್ಣೂರಿನಲ್ಲಿ ಹುಟ್ಟಿದ ದಿನೇಶ್ ಬೀಡಿ ಸಹಕಾರಿ, 1973ರಲ್ಲಿ ಮಂಗಳೂರಿನಲ್ಲಿ ಆರಂಭವಾಗಿ ಗಡಿಯ ಎರಡೂ ಕಡೆಯ ಅಡಿಕೆ ಬೆಳೆಗಾರರನ್ನು ಸದಸ್ಯರನ್ನಾಗಿ ಮಾಡಿಕೊಂಡ ಕ್ಯಾಂಪ್ಕೊ, ಊರೂರಿನ ಸೇವಾ ಸಹಕಾರಿ ಬ್ಯಾಂಕುಗಳು, ಇಂಥ ಸಂಸ್ಥೆಗಳ ಒಳಗೆ ತೀರ್ಮಾನಗಳು ಹೇಗೆ ಆಗುತ್ತವೆ, ಮಹಾಸಭೆಯಲ್ಲಿ ಕೈಯೆತ್ತಿದ್ದಕ್ಕೂ ಆಡಳಿತ ಮಂಡಳಿಯಲ್ಲಿ ನಡೆದದ್ದಕ್ಕೂ ಇರುವ ಅಂತರವೇನು ಎಂಬುದನ್ನೇ ಅವರು ಮೂರು ದಶಕ ಮೀರಿ ಅಭ್ಯಾಸ ಮಾಡಿದವರು.

ನಿಜ ಹೇಳಬೇಕೆಂದರೆ ಈ ಕೆಲಸ ಮೊದಲು ನನಗೆ ಬಂದದ್ದಲ್ಲ. ಗ್ರಂಥ ಸಮಿತಿಯವರು ಮೂರು ಸಾವಿರ ರೂಪಾಯಿ ಕೊಟ್ಟು, ಸಂಶೋಧನ ವರದಿಗಳನ್ನು ತಯಾರಿಸಿಕೊಡುವ ಒಂದು ಸಂಸ್ಥೆಯಿಂದ ಮಿರುಗುವ ಕಾಗದದ ವರದಿಯೊಂದನ್ನು ತರಿಸಿದ್ದರು. ಅದರ ಪ್ರಕಾರ ಗುರುಗಳ ಎಚ್-ಸೂಚ್ಯಂಕ, ಅಂದರೆ ಲೇಖನಗಳಿಗೆ ಬಂದ ಉಲ್ಲೇಖಗಳಿಂದ ಕಟ್ಟುವ ಅಂಕ (ಲೆಕ್ಕದ ಕ್ರಮ ಮುಂದೆ ಬರುತ್ತದೆ), 17. ಸಮಿತಿಗೆ ಬಹಳ ಸಂತೋಷವಾಗಿತ್ತು. ಆದರೆ ಅನುಬಂಧದಲ್ಲಿ ಹಲ್ಲಿನ ಬೇರಿನ ಚಿಕಿತ್ಸೆಯ ಬಗ್ಗೆ ನಾಲ್ಕು ಲೇಖನಗಳೂ ತೆಂಗಿನ ನುಸಿಪೀಡೆಯ ಬಗ್ಗೆ ಎರಡು ಲೇಖನಗಳೂ ಇದ್ದವು. ಹಲ್ಲಿನದ್ದು ಎಲ್ಲರ ಕಣ್ಣಿಗೂ ಬಿತ್ತು. ನುಸಿಪೀಡೆಯದ್ದು ಯಾರ ಕಣ್ಣಿಗೂ ಬೀಳಲಿಲ್ಲ, ಏಕೆಂದರೆ 1916ರಲ್ಲೇ ತೆಂಗಿನ ಸಂಶೋಧನ ಕೇಂದ್ರ ಆರಂಭವಾಗಿ ಮುಂದೆ ಅದೇ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆ (ಸಿಪಿಸಿಆರ್‌ಐ) ಆಗಿ ಬೆಳೆದ ಈ ಊರಿನಲ್ಲಿ, ಸಹಕಾರದ ಬಗ್ಗೆ ಬರೆದವರು ತೆಂಗಿನ ಬಗ್ಗೆಯೂ ಬರೆದಿರಬಹುದೆಂದು ಸಮಿತಿಯ ಹಿರಿಯರೊಬ್ಬರು ಸಮಾಧಾನ ಹೇಳಿದರು. ದುಡ್ಡು ವಾಪಸು ಬರಲಿಲ್ಲ. ನಾನು ಲ್ಯಾಪ್‌ಟಾಪ್ ಹಿಡಿದು ಕುಳಿತದ್ದು ಆಮೇಲೆ.

ನಾನು ಬಳಸಿದ್ದು ‘ಪಬ್ಲಿಷ್ ಆರ್ ಪೆರಿಶ್’ ಎಂಬ ತಂತ್ರಾಂಶದ 8ನೆಯ ಆವೃತ್ತಿಯನ್ನು. ಅಂತರರಾಷ್ಟ್ರೀಯ ನಿರ್ವಹಣಾಶಾಸ್ತ್ರದ ಪ್ರಾಧ್ಯಾಪಕಿ ಆನ್-ವಿಲ್ ಹಾರ್ಜಿಂಗ್ 2006ರಿಂದ ಇದನ್ನು ಒದಗಿಸುತ್ತ ಬಂದಿದ್ದಾರೆ. ಸ್ವಂತ ಬಳಕೆಗೆ ಉಚಿತ. ವಿಂಡೋಸ್ ಮತ್ತು ಮ್ಯಾಕ್ ಎರಡಕ್ಕೂ ಸಿಗುತ್ತದೆ. ಇದನ್ನು ಮಾಡಿದವರು ಗ್ರಂಥಾಲಯ ವಿಜ್ಞಾನದವರಲ್ಲ, ನಮ್ಮದೇ ವಿಷಯಕ್ಕೆ ಹತ್ತಿರದವರು ಎಂಬುದು ತಂತ್ರಾಂಶದ ಒಳಗೆ ಕಾಲಿಟ್ಟ ಕೂಡಲೇ ತಿಳಿಯುತ್ತದೆ, ಏಕೆಂದರೆ ಪುಸ್ತಕಗಳೂ ಪುಸ್ತಕದ ಅಧ್ಯಾಯಗಳೂ ಲೆಕ್ಕಕ್ಕೆ ಬರಬೇಕು, ಇಬ್ಬರು ಮೂವರು ಸೇರಿ ಬರೆದದ್ದಕ್ಕೂ ಒಬ್ಬರೇ ಬರೆದದ್ದಕ್ಕೂ ವ್ಯತ್ಯಾಸ ತೋರಬೇಕು ಎಂಬ ಕಾಳಜಿ ಅಲ್ಲಿದೆ. ಗೂಗಲ್ ಸ್ಕಾಲರ್, ಕ್ರಾಸ್‌ರೆಫ್, ಓಪನ್‌ಅಲೆಕ್ಸ್, ಸೆಮ್ಯಾಂಟಿಕ್ ಸ್ಕಾಲರ್ ಮುಂತಾದ, ಪ್ರಕಟಣೆಗಳನ್ನೂ ಅವುಗಳ ಉಲ್ಲೇಖಗಳನ್ನೂ ದಾಖಲಿಸುವ ಆಕರಗಳಿಂದ ಇದು ಮಾಹಿತಿ ತರುತ್ತದೆ. ಚಂದಾದಾರರಾಗಿದ್ದರೆ ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್‌ನಿಂದಲೂ ತರಬಹುದು. ಐದರಲ್ಲಿ ನಾಲ್ಕು ನಕ್ಷತ್ರ ಕೊಡಲು ನನಗೆ ಹಿಂಜರಿಕೆಯಿಲ್ಲ. ಐದನೆಯದನ್ನು ಏಕೆ ಉಳಿಸಿಕೊಂಡೆ ಎಂಬುದು ಮುಂದೆ ಬರುತ್ತದೆ.

ಯಾವುದೇ ತಕ್ಕಡಿಯನ್ನು ಗೊತ್ತಿರುವ ತೂಕವಿಟ್ಟು ನೋಡಬೇಕಲ್ಲವೇ? ನಾನು ಮೊದಲು ಹುಡುಕಿದ್ದು ನಮ್ಮ ಗುರುಗಳನ್ನಲ್ಲ, ಸಂಘಟನಾ ಅಧ್ಯಯನದ ದೊಡ್ಡ ಹೆಸರಾದ ಜೇಮ್ಸ್ ಮಾರ್ಚ್ ಅವರನ್ನು. 1928ರಲ್ಲಿ ಹುಟ್ಟಿ 2018ರಲ್ಲಿ ತೀರಿಕೊಂಡ ಮಾರ್ಚ್ ಅವರ ಕೃತಿಪಟ್ಟಿ ಈ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. 1958ರಲ್ಲಿ ಹರ್ಬರ್ಟ್ ಸೈಮನ್ ಜೊತೆ ಒಂದು ಪುಸ್ತಕ, 1963ರಲ್ಲಿ ರಿಚರ್ಡ್ ಸೈಯರ್ಟ್ ಜೊತೆ ಇನ್ನೊಂದು, 1972ರಲ್ಲಿ ಮೈಕೆಲ್ ಕೋಹೆನ್ ಮತ್ತು ಯೋಹಾನ್ ಓಲ್ಸೆನ್ ಜೊತೆ ‘ಕಸದ ಬುಟ್ಟಿ ಮಾದರಿ’ ಎಂದೇ ಹೆಸರಾದ ಲೇಖನ, 1991ರಲ್ಲಿ ಒಬ್ಬರೇ ಬರೆದ, ಹೊಸದನ್ನು ಹುಡುಕುವುದಕ್ಕೂ ಇದ್ದದ್ದನ್ನು ಬಳಸಿಕೊಳ್ಳುವುದಕ್ಕೂ ನಡುವಿನ ಎಳೆದಾಟದ ಬಗೆಗಿನ ಲೇಖನ. ಎಲ್ಲ ಬಗೆಯೂ ಅಲ್ಲಿದೆ. ಹುಡುಕಿದ ಕೂಡಲೇ ಎರಡು ತೊಡಕುಗಳು ಎದುರಾದವು. ಒಂದೇ ಪುಸ್ತಕ, ಮರುಮುದ್ರಣ, ಎರಡನೆಯ ಆವೃತ್ತಿ, ಸಂಕಲನದಲ್ಲಿ ಸೇರಿದ ಅಧ್ಯಾಯ ಎಂದು ಹಲವು ಸಾಲುಗಳಾಗಿ ಒಡೆದುಕೊಂಡಿತ್ತು. ಜೊತೆಗೆ, ಹೆಸರಿನ ಮೊದಲಕ್ಷರವೂ ಕುಲನಾಮವೂ ಹೊಂದುವ ಬೇರೆ ಬೇರೆ ಮಾರ್ಚ್‌ಗಳು ಪಟ್ಟಿಯೊಳಗೆ ನುಗ್ಗಿದ್ದರು. ಗೂಗಲ್ ಸ್ಕಾಲರ್‌ನ ಯಂತ್ರ ಪುಟದ ಮೇಲಿನ ಅಕ್ಷರಗಳನ್ನು ತಾನೇ ಓದಿ ಲೇಖಕರ ಹೆಸರನ್ನು ಊಹಿಸುವುದರಿಂದ, ಹಿಂದೊಮ್ಮೆ ‘ಪಾಸ್‌ವರ್ಡ್’ ಎಂಬವರೂ ದೊಡ್ಡ ಲೇಖಕರಾಗಿ ಕಾಣಿಸಿಕೊಂಡದ್ದುಂಟು.

ಇಷ್ಟಾದರೂ ಗೂಗಲ್ ಸ್ಕಾಲರ್ ಅನ್ನು ನಾವು ಬಿಡುವ ಹಾಗಿಲ್ಲ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಆಯ್ದ ನಿಯತಕಾಲಿಕಗಳನ್ನೇ ಮುಖ್ಯವಾಗಿ ಸೇರಿಸಿಕೊಳ್ಳುವ ಆಕರಗಳು. ಒಂದು ಪುಸ್ತಕ ಅವುಗಳ ಪಟ್ಟಿಯಲ್ಲಿ ಇಲ್ಲದಿದ್ದರೆ, ಅದಕ್ಕೆ ಸಾವಿರ ಉಲ್ಲೇಖ ಬಂದಿದ್ದರೂ ಲೇಖಕರ ಎಚ್-ಸೂಚ್ಯಂಕಕ್ಕೆ ಅದರಿಂದ ಏನೂ ಸೇರುವುದಿಲ್ಲ. ಭೌತಶಾಸ್ತ್ರಕ್ಕೆ ಇದು ಅಷ್ಟಾಗಿ ಬಾಧಿಸಲಿಕ್ಕಿಲ್ಲ. ಪುಸ್ತಕಗಳ ಮೇಲೆ ನಿಂತ ಸಂಘಟನಾ ಅಧ್ಯಯನಕ್ಕೆ ಬಾಧಿಸುತ್ತದೆ. ಇನ್ನು ಕನ್ನಡದ ವಿಷಯ ಕೇಳುವುದೇ ಬೇಡ: ಒಂದು ನಿಯತಕಾಲಿಕ ಸ್ಕೋಪಸ್‌ಗೆ ಸೇರಬೇಕಾದರೆ ಲೇಖನದ ಶೀರ್ಷಿಕೆ ಮತ್ತು ಸಾರಾಂಶ ಇಂಗ್ಲಿಷಿನಲ್ಲಿರಬೇಕು, ಆಧಾರಸೂಚಿ ರೋಮನ್ ಲಿಪಿಯಲ್ಲಿರಬೇಕು. ಅಂದರೆ ಕನ್ನಡ ಲಿಪಿಯಲ್ಲಿ ಆಧಾರಸೂಚಿ ಕೊಟ್ಟ ಪತ್ರಿಕೆಗೆ ಆ ಬಾಗಿಲು ಮುಚ್ಚಿದೆ. ದೇಶದ ಶಿಕ್ಷಣ ಸಂಸ್ಥೆಗಳಿಗೆ ಸ್ಥಾನ ಕೊಡುವ ಎನ್‌ಐಆರ್‌ಎಫ್ ಪ್ರಕಟಣೆಗಳ ಲೆಕ್ಕಕ್ಕೆ ಈ ಎರಡು ಆಕರಗಳನ್ನೇ ನೆಚ್ಚಿಕೊಂಡಿದೆ ಎಂಬುದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ.

ಈಗ ಗುರುಗಳ ಪಟ್ಟಿಗೆ ಬರುತ್ತೇನೆ. ಕಾಸರಗೋಡಿನವರ ಹೆಸರುಗಳು ಇಂಥ ತಂತ್ರಾಂಶಗಳ ಪಾಲಿಗೆ ಒಂದು ಕಾಡು. ತುಳು ಮತ್ತು ಕನ್ನಡ ಮನೆಗಳಲ್ಲಿ ಊರಿನ, ಮನೆಯ ಅಥವಾ ತಂದೆಯ ಹೆಸರಿನ ಮೊದಲಕ್ಷರ ಹೆಸರಿನ ಮುಂದೆ ಬರುತ್ತದೆ. ಕೇರಳದ ಶಾಲಾ ದಾಖಲೆಗಳಲ್ಲಿ ಅದೇ ಅಕ್ಷರಗಳು ಹೆಸರಿನ ಹಿಂದೆ ಹೋಗಿ ಕುಳಿತುಕೊಳ್ಳುತ್ತವೆ. ಗುರುಗಳು ಮೊದಮೊದಲು ಒಂದು ಅಕ್ಷರ ಮುಂದಿಟ್ಟು ಬರೆದರು, ನಡುವೆ ಎರಡು ಅಕ್ಷರ ಹಿಂದಿಟ್ಟು ಬರೆದರು, ಕೊನೆಗೆ ವಿದೇಶದ ಪತ್ರಿಕೆಯವರು ಕುಲನಾಮ ಕೇಳಿದ್ದಕ್ಕೆ ‘ಭಟ್’ ಸೇರಿಸಿ ಬರೆದರು. ಭಟ್ ಎಂದು ಹುಡುಕಿದರೆ ಏನಾಗುತ್ತದೆಂದು ಬದಿಯಡ್ಕದಿಂದ ಪೆರ್ಲದವರೆಗೆ ಬಸ್ಸಿನಲ್ಲಿ ಹೋದ ಯಾರಿಗಾದರೂ ಗೊತ್ತು. ಗೂಗಲ್ ಸ್ಕಾಲರ್ ಒಂದು ಹುಡುಕಾಟಕ್ಕೆ ಸಾವಿರಕ್ಕಿಂತ ಹೆಚ್ಚು ಫಲಿತಾಂಶ ಕೊಡುವುದಿಲ್ಲ, ಮತ್ತು ಮೇಲಿಂದ ಮೇಲೆ ಹುಡುಕಿದರೆ ‘ನೀವು ಯಂತ್ರವಲ್ಲವೆಂದು ತೋರಿಸಿ’ ಎಂದು ತಡೆದು ನಿಲ್ಲಿಸುತ್ತದೆ. ಆದ್ದರಿಂದ ಮೂರು ಬಗೆಯ ಹೆಸರುಗಳನ್ನೂ ಬೇರೆ ಬೇರೆಯಾಗಿ, ವರ್ಷಗಳ ಮಿತಿ ಹಾಕಿ, ‘ಸಹಕಾರಿ’ ‘ಆಡಳಿತ’ ‘ಅಡಿಕೆ’ ಎಂಬರ್ಥದ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಸೇರಿಸಿ, ನಿಧಾನವಾಗಿ ಹುಡುಕಬೇಕಾಯಿತು. ಎರಡು ಸಂಜೆ ಅದಕ್ಕೇ ಹೋಯಿತು.

ಮೂರನೆಯ ಸಂಜೆ ಲ್ಯಾಪ್‌ಟಾಪ್ ಹೊತ್ತುಕೊಂಡು ಗುರುಗಳ ಮನೆಗೇ ಹೋದೆ. ಈ ತಂತ್ರಾಂಶದ ನಿಜವಾದ ಗುಣ ನನಗೆ ಗೊತ್ತಾದದ್ದು ಅವರ ಮನೆಯ ಜಗಲಿಯಲ್ಲಿ. ಪ್ರತಿ ಸಾಲಿನ ಎಡಗಡೆ ಒಂದು ಚಿಕ್ಕ ಚೌಕವಿದೆ. ಅದರಲ್ಲಿನ ಟಿಕ್ ತೆಗೆದ ಕೂಡಲೇ ಆ ಲೇಖನ ಲೆಕ್ಕದಿಂದ ಹೊರಗೆ ಹೋಗಿ, ಪಕ್ಕದಲ್ಲಿ ತೋರುವ ಅಂಕಿಗಳೆಲ್ಲ ಅಲ್ಲಿಯೇ ಬದಲಾಗುತ್ತವೆ. ಒಂದೇ ಲೇಖನ ಎರಡು ಸಾಲಾಗಿ ಬಂದಿದ್ದರೆ, ಒಂದನ್ನು ಮೌಸಿನಿಂದ ಎಳೆದು ಇನ್ನೊಂದರ ಮೇಲೆ ಬಿಟ್ಟರೆ ಸಾಕು, ಎರಡರ ಉಲ್ಲೇಖಗಳೂ ಕೂಡಿಕೊಳ್ಳುತ್ತವೆ. ಅಂಗಳದಲ್ಲಿ ಒಣಗಿದ ಅಡಿಕೆಯನ್ನು ಸುಲಿದು ರಾಶಿ ಹಾಕಿ, ಕೋಕವನ್ನೂ ಕರಿಗೋಟನ್ನೂ ಹೆಕ್ಕಿ ಬೇರೆ ಮಾಡಿದ ಹಾಗೆ, ಗುರುಗಳು ಕನ್ನಡಕ ಏರಿಸಿ ಸಾಲು ಸಾಲಾಗಿ ನೋಡುತ್ತ ಹೋದರು. “ಇದು ನನ್ನದಲ್ಲ ಮಾರಾಯ. ಇದೂ ಅಲ್ಲ. ಇದು ಯಾರದ್ದೋ ಹಲ್ಲಿನದ್ದು.” ಹಲ್ಲಿನವೆಲ್ಲ ಹೋದವು, ನುಸಿಪೀಡೆ ಹೋಯಿತು, ಎಚ್-ಸೂಚ್ಯಂಕ 17ರಿಂದ ಇಳಿಯುತ್ತ ಇಳಿಯುತ್ತ 8ಕ್ಕೆ ಬಂದು ನಿಂತಿತು. ಅವರ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ. ನನಗೇ ಸ್ವಲ್ಪ ಸಂಕೋಚವಾಯಿತು.

ಆಮೇಲೆ ಕೂಡಿಸುವ ಕೆಲಸ. ಅವರ ಒಂದು ಲೇಖನದ ಶೀರ್ಷಿಕೆಯಲ್ಲಿ ಕಾಸರಗೋಡು ಎಂಬ ಪದವಿದೆ. ಇಂಗ್ಲಿಷಿನಲ್ಲಿ ಇದನ್ನು ಬರೆಯುವ ರೀತಿ ಒಬ್ಬೊಬ್ಬರದು ಒಂದೊಂದು: ‘ರ’ಕಾರದ ನಂತರ ಸ್ವರ ಹಾಕುವವರಿದ್ದಾರೆ, ಬಿಡುವವರಿದ್ದಾರೆ, ಕೊನೆಗೆ ಒಂದು ‘ಇ’ ಅಂಟಿಸುವವರೂ ಇದ್ದಾರೆ. ಉಲ್ಲೇಖಿಸಿದವರ ಕಾಗುಣಿತದಂತೆ ಆ ಲೇಖನ ಮೂರು ಸಾಲಾಗಿ ಒಡೆದು, ಒಂದಕ್ಕೆ 7, ಇನ್ನೊಂದಕ್ಕೆ 3, ಮತ್ತೊಂದಕ್ಕೆ 1 ಉಲ್ಲೇಖ ಇತ್ತು. ಮೂರನ್ನೂ ಎಳೆದು ಕೂಡಿಸಿದಾಗ 11 ಆಯಿತು, ಎಚ್-ಸೂಚ್ಯಂಕ 9ಕ್ಕೆ ಏರಿತು. ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಮುಂದಿಟ್ಟ ಈ ಸೂಚ್ಯಂಕ 9 ಎಂದರೆ, ಕನಿಷ್ಠ 9 ಉಲ್ಲೇಖ ಪಡೆದ 9 ಲೇಖನಗಳು ಅವರಲ್ಲಿವೆ, ಆದರೆ ಕನಿಷ್ಠ 10 ಉಲ್ಲೇಖ ಪಡೆದ 10 ಲೇಖನಗಳಿಲ್ಲ ಎಂದರ್ಥ. ಒಂದು ಊರಿನ ಹೆಸರಿನ ಕಾಗುಣಿತಕ್ಕೆ ಒಂದು ಅಂಕ ಏರಿಳಿಯುವುದಾದರೆ, ಎಂಟು ಒಂಬತ್ತರ ವ್ಯತ್ಯಾಸದ ಮೇಲೆ ಯಾರ ಬಡ್ತಿಯನ್ನಾದರೂ ನಿರ್ಧರಿಸುವುದು ಎಷ್ಟು ಸರಿ ಎಂಬ ಪ್ರಶ್ನೆ ಆ ಜಗಲಿಯಲ್ಲಿ ಸಹಜವಾಗಿಯೇ ಎದ್ದಿತು.

ತಂತ್ರಾಂಶದಲ್ಲಿರುವ ಇನ್ನೆರಡು ಸೂಚ್ಯಂಕಗಳು ಸಂಘಟನಾ ಅಧ್ಯಯನದಂಥ ಕ್ಷೇತ್ರಕ್ಕೆ ಹೆಚ್ಚು ಒಗ್ಗುತ್ತವೆ. ಪ್ರತಿ ಲೇಖನದ ಉಲ್ಲೇಖಗಳನ್ನು ಲೇಖಕರ ಸಂಖ್ಯೆಯಿಂದ ಭಾಗಿಸಿ, ಆಮೇಲೆ ಎಚ್-ಸೂಚ್ಯಂಕ ಕಟ್ಟುವುದು ಮೊದಲನೆಯದು. ಮೂವರು ಸೇರಿ ಬರೆದ ಲೇಖನಕ್ಕೆ 30 ಉಲ್ಲೇಖ ಬಂದಿದ್ದರೆ ಅಲ್ಲಿ ಲೆಕ್ಕಕ್ಕೆ ಬರುವುದು 10 ಮಾತ್ರ. ಹೀಗೆ ಬಂದ ಅಂಕಿಯನ್ನು ಮೊದಲ ಪ್ರಕಟಣೆಯಿಂದ ಈವರೆಗಿನ ವರ್ಷಗಳಿಂದ ಭಾಗಿಸುವುದು ಎರಡನೆಯದು. ಹಾರ್ಜಿಂಗ್ ಮತ್ತು ಅವರ ಇಬ್ಬರು ಸಹಲೇಖಕರು 2014ರಲ್ಲಿ ಇದನ್ನು ವಿವರಿಸಿದ್ದಾರೆ. ಇಪ್ಪತ್ತು ಜನ ಸೇರಿ ಬರೆಯುವ ವೈದ್ಯವಿಜ್ಞಾನಿಯನ್ನೂ, ಒಬ್ಬರೇ ಕುಳಿತು ನಾಲ್ಕು ವರ್ಷಕ್ಕೊಂದು ಲೇಖನ ಬರೆಯುವ ಸಮಾಜವಿಜ್ಞಾನಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನೋಡುವವರಿಗೆ ಇದರಿಂದ ಸ್ವಲ್ಪ ನ್ಯಾಯದ ಅಳತೆ ಸಿಗುತ್ತದೆ. ಗುರುಗಳಿಗೆ ಮೊದಲನೆಯದು 7 ಎಂದು ಬಂತು. ಎರಡನೆಯದು ಮಾತ್ರ 0.07 ಎಂದು ತೋರಿಸಿದಾಗ ಏನೋ ತಪ್ಪಿದೆ ಅನ್ನಿಸಿ ವರ್ಷದ ಕಾಲಂ ನೋಡಿದರೆ, ಒಂದು ಲೇಖನದ ಪ್ರಕಟಣ ವರ್ಷ 1924 ಎಂದಿತ್ತು. ಗುರುಗಳು ನಗುತ್ತ “ಆಗ ನನ್ನ ಅಪ್ಪ ಹುಟ್ಟಿರಲಿಲ್ಲ” ಎಂದರು. 1924 ಎಂಬುದು ಆ ಲೇಖನ ಆರಂಭವಾಗುವ ಪುಟದ ಸಂಖ್ಯೆ. ಆ ಸಾಲನ್ನು ಬಿಟ್ಟಾಗ ಮೊದಲ ಪ್ರಕಟಣೆ 1988ಕ್ಕೆ ಬಂತು, ಅಂಕಿ 0.19 ಆಯಿತು. ಪುಟಸಂಖ್ಯೆಯೊಂದು ಒಬ್ಬರ ವೃತ್ತಿಜೀವನವನ್ನು ನೂರು ವರ್ಷಕ್ಕೆ ಎಳೆಯಬಲ್ಲದು. ಇದಕ್ಕೆ ತಂತ್ರಾಂಶ ಒಂದು ಎಚ್ಚರಿಕೆಯ ಗುರುತನ್ನಾದರೂ ಹಾಕಬಹುದಿತ್ತು.

ಸಹಲೇಖಕರ ಜಾಲ ಬಿಡಿಸುವುದು ಈ ತಂತ್ರಾಂಶದ ಕೆಲಸವಲ್ಲ. ಪ್ರತಿ ಲೇಖನಕ್ಕೆ ಸರಾಸರಿ ಎಷ್ಟು ಲೇಖಕರು ಎಂಬುದನ್ನಷ್ಟೇ ಅದು ಹೇಳುತ್ತದೆ. ಅದನ್ನೂ ಪೂರ್ತಿ ನಂಬುವಂತಿಲ್ಲ: ಗೂಗಲ್ ಸ್ಕಾಲರ್ ಫಲಿತಾಂಶದ ಸಾಲು ಉದ್ದವಾದರೆ ಕೊನೆಯ ಲೇಖಕರನ್ನು ಮೂರು ಚುಕ್ಕಿಗಳಾಗಿಸಿ ಬಿಡುತ್ತದೆ, ಚುಕ್ಕಿಗಳ ಹಿಂದೆ ಎಷ್ಟು ಜನ ನಿಂತಿದ್ದಾರೆಂದು ತಂತ್ರಾಂಶಕ್ಕೆ ತಿಳಿಯುವುದಿಲ್ಲ. ಐದನೆಯ ನಕ್ಷತ್ರ ಉಳಿದದ್ದು ಈ ಎರಡು ಕಾರಣಗಳಿಗೆ. ಹೀಗಾಗಿ ಸಹಯೋಗದ ಭಾಗಕ್ಕೆ ನಾನು ಓಪನ್‌ಅಲೆಕ್ಸ್‌ನಿಂದ ಬೇರೆ ಪಟ್ಟಿ ತೆಗೆದುಕೊಂಡೆ. ಮೈಕ್ರೋಸಾಫ್ಟ್ ತನ್ನ ಇಂಥದೇ ಸೇವೆಯನ್ನು 2021ರ ಕೊನೆಗೆ ನಿಲ್ಲಿಸಿದ ಮೇಲೆ, 2022ರ ಜನವರಿಯಲ್ಲಿ ಆರಂಭವಾದ ಈ ಮುಕ್ತ ಆಕರದಲ್ಲಿ ಲೇಖಕರ ಹೆಸರುಗಳು ಪೂರ್ತಿಯಾಗಿ ಸಿಗುತ್ತವೆ. ಆ ಪಟ್ಟಿಯನ್ನು ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದ ನೇಸ್ ಯಾನ್ ಫಾನ್ ಎಕ್ ಮತ್ತು ಲೂಡೊ ವಾಲ್ಟ್‌ಮನ್ ರೂಪಿಸಿದ ‘ವಿಒಎಸ್‌ವ್ಯೂವರ್’ ಎಂಬ ಇನ್ನೊಂದು ಉಚಿತ ತಂತ್ರಾಂಶಕ್ಕೆ ಕೊಟ್ಟೆ.

ವಿಒಎಸ್‌ವ್ಯೂವರ್ ಸಹಲೇಖಕರನ್ನು ಬಣ್ಣದ ವೃತ್ತಗಳಾಗಿ ಬಿಡಿಸುತ್ತದೆ. ಹೆಚ್ಚು ಬರೆದವರ ವೃತ್ತ ದೊಡ್ಡದು, ಹೆಚ್ಚು ಸಲ ಜೊತೆಗೂಡಿದವರ ನಡುವಿನ ಗೆರೆ ದಪ್ಪ. ನೋಡಲು ಬಹಳ ಚಂದ, ಗ್ರಂಥದಲ್ಲಿ ಬಣ್ಣದ ಪುಟಕ್ಕೆ ಹೇಳಿದ್ದು. ಆದರೆ ನಕ್ಷೆ ಮಾಡುವ ಮೊದಲು ಅದು, ಒಬ್ಬ ಲೇಖಕ ಕನಿಷ್ಠ ಎಷ್ಟು ಲೇಖನ ಬರೆದಿದ್ದರೆ ತೋರಿಸಬೇಕು ಎಂದು ಕೇಳುತ್ತದೆ. ಅಲ್ಲಿದ್ದ ಅಂಕಿಯನ್ನು ಹಾಗೆಯೇ ಒಪ್ಪಿಕೊಂಡಾಗ ಪರದೆಯ ಮೇಲೆ ಉಳಿದದ್ದು ಗುರುಗಳೊಬ್ಬರೇ. ಅದನ್ನು 1ಕ್ಕೆ ಇಳಿಸಿದ ಮೇಲೆ ಹನ್ನೆರಡು ವೃತ್ತಗಳು ಮೂಡಿದವು. ಅವುಗಳಲ್ಲಿ ಎರಡು ಒಬ್ಬರೇ ಎಂದು ಗುರುಗಳು ಗುರುತಿಸಿದರು: ಅವರ ಹಳೆಯ ವಿದ್ಯಾರ್ಥಿನಿಯೊಬ್ಬರು ಮದುವೆಗೆ ಮೊದಲು ಒಂದು ಹೆಸರಿನಲ್ಲಿಯೂ ಆಮೇಲೆ ಇನ್ನೊಂದರಲ್ಲಿಯೂ ಬರೆದಿದ್ದರು. ಒಂದು ಸಾದಾ ಪಠ್ಯ ಕಡತದಲ್ಲಿ ಎಡಕ್ಕೆ ಹಳೆಯ ಹೆಸರು, ಬಲಕ್ಕೆ ಬೇಕಾದ ಹೆಸರು ಬರೆದು ಕೊಟ್ಟರೆ ವಿಒಎಸ್‌ವ್ಯೂವರ್ ಇಬ್ಬರನ್ನೂ ಒಂದು ಮಾಡುತ್ತದೆ. ಹಾಗೆ ಮಾಡಿದಾಗ, ಗುರುಗಳದ್ದನ್ನು ಬಿಟ್ಟರೆ, ಆಕೆಯ ವೃತ್ತವೇ ಎಲ್ಲರಿಗಿಂತ ದೊಡ್ಡದಾಯಿತು. ಮೊದಲ ವರದಿಯಲ್ಲಿ ಆಕೆಯ ಹೆಸರು ಎಲ್ಲಿಯೂ ಇರಲಿಲ್ಲ. ಹೆಸರು ಬದಲಾದರೂ ತಾನು ಬದಲಾಗದೆ ಸಂಶೋಧಕರನ್ನು ಗುರುತಿಸುವ, ಹದಿನಾರು ಅಂಕಿಗಳ ಓರ್ಕಿಡ್ ಗುರುತನ್ನು ಎಳೆಯ ಸಂಶೋಧಕರು ಮೊದಲ ಲೇಖನಕ್ಕೇ ಮಾಡಿಸಿಕೊಳ್ಳಲಿ ಎಂದು ನಾನು ಈಗ ನನ್ನ ವಿದ್ಯಾರ್ಥಿಗಳಿಗೆ ಹೇಳುವುದು ಇದೇ ಕಾರಣಕ್ಕೆ.

ನಕ್ಷೆಯಲ್ಲಿ ಇಲ್ಲದವರ ಬಗ್ಗೆಯೂ ಒಂದು ಮಾತು. ಗುರುಗಳ ಬಹುಪಾಲು ಬರಹಗಳ ಮೊದಲ ಅಡಿಟಿಪ್ಪಣಿಯಲ್ಲಿ ಸಹಕಾರಿ ಬ್ಯಾಂಕೊಂದರ ನಿವೃತ್ತ ಕಾರ್ಯದರ್ಶಿಯೊಬ್ಬರಿಗೆ ಕೃತಜ್ಞತೆ ಇದೆ. ಹಳೆಯ ನಡಾವಳಿ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಕೊಟ್ಟವರು, ಮಲಯಾಳದ ಠರಾವುಗಳ ಅರ್ಥ ಬಿಡಿಸಿ ಹೇಳಿದವರು ಅವರು. ಕೃತಜ್ಞತೆಯ ಸಾಲಿನಲ್ಲಿರುವವರನ್ನು ಈ ಯಾವ ತಂತ್ರಾಂಶವೂ ಸಹಯೋಗಿ ಎಂದು ಎಣಿಸುವುದಿಲ್ಲ. ಹಾಗೆಯೇ, ಒಂದು ಸೇವಾ ಸಹಕಾರಿ ಬ್ಯಾಂಕಿನ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಗುರುಗಳು ಕನ್ನಡದಲ್ಲಿ ಬರೆದ ಉದ್ದನೆಯ ಲೇಖನವನ್ನು ಹೊಸ ನಿರ್ದೇಶಕರಿಗೆ ನೆರಳಚ್ಚು ಮಾಡಿ ಹಂಚುವ ಪದ್ಧತಿ ಇಂದಿಗೂ ಇದೆ. ಗೂಗಲ್ ಸ್ಕಾಲರ್‌ನಲ್ಲಿ ಆ ಲೇಖನವೇ ಸಿಗಲಿಲ್ಲ. 2015ರಲ್ಲಿ ಪ್ರಕಟವಾದ, ಸಂಶೋಧನೆಯನ್ನು ಅಂಕಿಗಳಿಂದ ಅಳೆಯುವವರು ಪಾಲಿಸಬೇಕಾದ ಕ್ರಮ ಹೇಳುವ ಲೈಡನ್ ಪ್ರಣಾಳಿಕೆಯ ಹತ್ತು ಸೂತ್ರಗಳಲ್ಲಿ ಮೂರನೆಯದು, ಸ್ಥಳೀಯವಾಗಿ ಮಹತ್ವವುಳ್ಳ ಸಂಶೋಧನೆಯ ಗುಣಮಟ್ಟವನ್ನು ಕಾಪಾಡಬೇಕೆಂಬುದು. ಅದನ್ನು ಬರೆದವರಲ್ಲಿ ವಿಒಎಸ್‌ವ್ಯೂವರ್ ರೂಪಿಸಿದ ವಾಲ್ಟ್‌ಮನ್ ಅವರೂ ಒಬ್ಬರು ಎಂಬುದು ನನಗೆ ಸಮಾಧಾನ ಕೊಟ್ಟಿತು.

ಬಳಸುವವರಿಗೆ ಕೆಲವು ಮಾತು. ಫಲಿತಾಂಶವನ್ನು ಎಕ್ಸೆಲ್ ಕಡತವಾಗಿ ಉಳಿಸಿ, ಹುಡುಕಿದ ದಿನಾಂಕವನ್ನು ತಪ್ಪದೆ ಬರೆದಿಡಿ. ಮುಂದಿನ ತಿಂಗಳು ಅದೇ ಹುಡುಕಾಟ ಬೇರೆ ಅಂಕಿ ಕೊಡುತ್ತದೆ. ಲೇಖಕರು ತಾವೇ ಗೂಗಲ್ ಸ್ಕಾಲರ್ ಪುಟ ಮಾಡಿಕೊಂಡು ಸರಿಯಾಗಿ ನೋಡಿಕೊಂಡಿದ್ದರೆ ಆ ಪುಟದಿಂದಲೇ ಮಾಹಿತಿ ಎಳೆಯುವ ದಾರಿ ತಂತ್ರಾಂಶದಲ್ಲಿದೆ, ಅರ್ಧ ಗಂಟೆಯ ಕೆಲಸ. ನಮ್ಮ ಗುರುಗಳಂಥವರಿಗೆ ಮೂರು ಸಂಜೆ ಬೇಕು, ಮತ್ತು ಅವರೇ ಪಕ್ಕದಲ್ಲಿ ಕುಳಿತಿರಬೇಕು.

ಆ ಸಂಜೆ ಎಲ್ಲ ಮುಗಿಯಿತೆಂದು ನಾನು ಲ್ಯಾಪ್‌ಟಾಪ್ ಮಡಚಲು ಹೊರಟಾಗ ಗುರುಗಳು ತಡೆದು, ಪಟ್ಟಿಯ ನಾಲ್ಕನೆಯ ಸಾಲಿನ ಟಿಕ್ಕನ್ನೂ ತೆಗೆಯಲು ಹೇಳಿದರು. “ಸರ್, ಇದು ನಿಮ್ಮದೇ ಅಲ್ಲವೇ, ಹೆಸರಿದೆಯಲ್ಲ” ಎಂದೆ. “ಹೆಸರಿದೆ. ಬರೆದದ್ದೆಲ್ಲ ಆ ಹುಡುಗಿ. ಆಗ ಮಾರ್ಗದರ್ಶಕರ ಹೆಸರು ಹಾಕುವ ಕ್ರಮ ಇತ್ತು, ಹಾಕಿದರು. ಅದು ಅವಳಿಗಿರಲಿ” ಎಂದರು. ಟಿಕ್ ತೆಗೆದೆ; 9 ಇದ್ದದ್ದು ಮತ್ತೆ 8 ಆಯಿತು, ಗ್ರಂಥದಲ್ಲಿ ಅಚ್ಚಾದದ್ದೂ 8. ಒಂದು ಸಾಲನ್ನು ಏಕೆ ಕೈಬಿಟ್ಟೆವು ಎಂದು ಬರೆದಿಡಲು ನಾವು ನೋಡುತ್ತಿದ್ದ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಎಕ್ಸೆಲ್ ಕಡತದಲ್ಲಿ ಒಂದು ಕಾಲಂ ಹೆಚ್ಚಿಗೆ ಹಾಕಿಕೊಂಡು ಅಲ್ಲಿ ಬರೆದಿದ್ದೇನೆ.